ಒಂದೇ ಗುಳಿಗೆ, ಇಬ್ಬರು ಹೆಂಗಸರು

ಹುಕ್ಕೇರಿಯಿಂದ ಬಂದ ಪತ್ರವೊಂದು ನನ್ನ ಮುಂದಿದೆ. ಬರೆದವರು 36 ವರ್ಷದ ಗೃಹಿಣಿ. ಹೆಸರು ಪ್ರಕಟಿಸಬಾರದೆಂದು ಕೇಳಿಕೊಂಡಿದ್ದಾರೆ. ಹೆಸರಿನಿಂದ ನಮಗೆ ಆಗಬೇಕಾದ್ದೂ ಏನಿಲ್ಲ. ಪತ್ರದ ಮುಖ್ಯಭಾಗ ಹೀಗಿದೆ:

“ಎರಡು ವರ್ಷದ ಹಿಂದೆ ನನ್ನ ಗರ್ಭಚೀಲವನ್ನು ತೆಗೆದರು. ಅದರ ಸಂಗಡ ಎರಡೂ ಅಂಡಾಶಯಗಳನ್ನು ತೆಗೆದಿರುವುದಾಗಿ ಆಸ್ಪತ್ರೆಯ ಕಾಗದದಲ್ಲಿ ಬರೆದಿದೆ. ಕೆಲವೇ ದಿನಗಳಲ್ಲಿ ಮೈಯೆಲ್ಲ ಉರಿ, ಬೆವರು, ರಾತ್ರಿ ನಿದ್ರೆಯಿಲ್ಲ. ಡಾಕ್ಟರರು ಈಸ್ಟ್ರೋಜೆನ್ ಎಂಬ ಹಾರ್ಮೋನಿನ ಗುಳಿಗೆ ಬರೆದುಕೊಟ್ಟರು. ತೆಗೆದುಕೊಂಡ ಮೇಲೆ ಆರಾಮವಾಯಿತು. ಆದರೆ ಅದರಿಂದ ಕ್ಯಾನ್ಸರ್ ಬರುತ್ತದೆಂದು ಓಣಿಯಲ್ಲಿ ಹೇಳಿದರು, ಮೊಬೈಲಿನಲ್ಲಿಯೂ ತೋರಿಸಿದರು. ಹೆದರಿ ಬಿಟ್ಟುಬಿಟ್ಟೆ. ಉಳಿದ ಗುಳಿಗೆಗಳನ್ನು ಈಗ ಹದಿನೈದು ದಿನದಿಂದ ನಮ್ಮ ಅತ್ತೆಯವರು ನುಂಗುತ್ತಿದ್ದಾರೆ. ಅವರಿಗೆ 63 ವರ್ಷ, ರಕ್ತದ ಒತ್ತಡವಿದೆ. ಮೊಣಕಾಲಿಗೆ, ಎಲುಬಿಗೆ ಅದು ಒಳ್ಳೆಯದೆಂದು ಯಾರೋ ಹೇಳಿದರಂತೆ. ಬೇಡವೆಂದರೆ, ‘ರೊಕ್ಕಾ ಕೊಟ್ಟ ತಂದ ಗುಳಿಗಿ, ಸುಮ್ಮನ ಯಾಕ ಕೆಡಸೂದು?’ ಎನ್ನುತ್ತಾರೆ. ನಾನು ಬಿಟ್ಟದ್ದು ಸರಿಯೆ? ಅವರು ತೆಗೆದುಕೊಳ್ಳುವುದು ಸರಿಯೆ? ಇನ್ನೊಂದು ಮಾತು, ಡಾಕ್ಟರಬಾಯಿಯವರೆ: 36ಕ್ಕೇ ನಾನು ಮುದುಕಿಯಾದೆನೆ?”

ಸಾಮಾನ್ಯವಾಗಿ ಈ ಅಂಕಣದಲ್ಲಿ ಕಾರಣಗಳನ್ನು ಮೊದಲು ಹೇಳಿ ಉತ್ತರವನ್ನು ಕಡೆಗೆ ಹೇಳುವುದು ವಾಡಿಕೆ. ಈ ಸಲ ಉತ್ತರವನ್ನೇ ಮೊದಲು ಹೇಳುತ್ತೇನೆ. ಅತ್ತೆಯವರು ಇಂದೇ ಆ ಗುಳಿಗೆಯನ್ನು ನಿಲ್ಲಿಸಬೇಕು. ಸೊಸೆ ಈ ವಾರವೇ ತಮ್ಮ ಡಾಕ್ಟರರನ್ನು ಕಂಡು, ಅದನ್ನು ಮತ್ತೆ ಆರಂಭಿಸುವ ಮಾತನ್ನಾಡಬೇಕು. ಬೇಕಾದವರು ಬಿಟ್ಟಿದ್ದಾರೆ, ಬೇಡವಾದವರು ನುಂಗುತ್ತಿದ್ದಾರೆ. ಒಂದೇ ಮನೆಯಲ್ಲಿ, ಒಂದೇ ಡಬ್ಬಿಯ ಗುಳಿಗೆ ಒಬ್ಬರಿಗೆ ಔಷಧ, ಇನ್ನೊಬ್ಬರಿಗೆ ಅಪಾಯ. ಇದು ಹೇಗೆಂಬುದನ್ನು ಸಾವಧಾನವಾಗಿ ನೋಡೋಣ.

ಹೆಣ್ಣಿನ ಶರೀರದಲ್ಲಿ ಗರ್ಭಕೋಶದ ಎರಡು ಪಕ್ಕಗಳಲ್ಲಿ ಬಾದಾಮಿಯ ಗಾತ್ರದ ಎರಡು ಅಂಡಾಶಯಗಳಿವೆ. ತಿಂಗಳಿಗೊಂದು ಅಂಡವನ್ನು ಪಕ್ವಗೊಳಿಸುವುದಲ್ಲದೆ ಈಸ್ಟ್ರೋಜೆನ್, ಪ್ರೊಜೆಸ್ಟೆರಾನ್ ಎಂಬ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಸೇರಿಸುವುದೂ ಅವುಗಳ ಕೆಲಸ. ಈಸ್ಟ್ರೋಜೆನ್ ಕೇವಲ ಮುಟ್ಟಿಗೆ ಸಂಬಂಧಿಸಿದ್ದಲ್ಲ. ಎಲುಬುಗಳು ಸವೆಯದಂತೆ ತಡೆಯುವುದು, ರಕ್ತನಾಳಗಳನ್ನು ಮೆತುವಾಗಿಡುವುದು, ಮೈಶಾಖವನ್ನು ನಿಯಂತ್ರಿಸುವ ಮೆದುಳಿನ ಕೇಂದ್ರವನ್ನು ಸಮಸ್ಥಿತಿಯಲ್ಲಿಡುವುದು, ಇವೆಲ್ಲಕ್ಕೂ ಅದರ ನೆರವುಂಟು. ನಮ್ಮ ದೇಶದ ಹೆಂಗಸರಿಗೆ ಸರಾಸರಿ 46-47ನೆಯ ವಯಸ್ಸಿನಲ್ಲಿ ಅಂಡಾಶಯಗಳು ತಾವಾಗಿಯೇ ಕೆಲಸ ನಿಲ್ಲಿಸುತ್ತವೆ. ಪಾಶ್ಚಾತ್ಯ ದೇಶಗಳಲ್ಲಿ ಅದು ಸುಮಾರು 51. ಒಂದು ವರ್ಷ ಪೂರ್ತಿ ಮುಟ್ಟು ಬಾರದಿದ್ದರೆ ಋತುಬಂಧವಾಯಿತೆಂದು ಹೇಳುತ್ತೇವೆ. ಅದು ರೋಗವಲ್ಲ, ಪ್ರಕೃತಿಯ ನಿಯಮ. ಆದರೆ ಕೆಲವರಿಗೆ ಆ ಕಾಲದ ಉರಿ, ಬೆವರು, ನಿದ್ರಾಭಂಗ, ಮನಸ್ಸಿನ ತಳಮಳ ಸಹಿಸಲಾರದಷ್ಟು ಇರುತ್ತವೆ. ಅಂಥವರಿಗೆ ಹೊರಗಿನಿಂದ ಹಾರ್ಮೋನು ಕೊಡುವ ಚಿಕಿತ್ಸೆ ಸುಮಾರು ಎಂಬತ್ತು ವರ್ಷಗಳಿಂದ ಬಳಕೆಯಲ್ಲಿದೆ.

ಈ ಚಿಕಿತ್ಸೆಯ ಇತಿಹಾಸ ಏರಿಳಿತಗಳದು. 1942ರಲ್ಲಿ ಅಮೆರಿಕದಲ್ಲಿ ‘ಪ್ರೆಮರಿನ್’ ಎಂಬ ಗುಳಿಗೆ ಮಾರುಕಟ್ಟೆಗೆ ಬಂತು. ಅದರಲ್ಲಿದ್ದ ಈಸ್ಟ್ರೋಜೆನ್ ಗಬ್ಬವಾದ ಹೆಣ್ಣುಕುದುರೆಗಳ ಮೂತ್ರದಿಂದ ತೆಗೆದದ್ದು. 1966ರಲ್ಲಿ ರಾಬರ್ಟ್ ವಿಲ್ಸನ್ ಎಂಬ ಅಮೆರಿಕದ ವೈದ್ಯ ಒಂದು ಪುಸ್ತಕ ಬರೆದು, ಋತುಬಂಧವೆಂಬುದು ಕೊರತೆಯ ರೋಗ, ಹಾರ್ಮೋನು ತೆಗೆದುಕೊಂಡರೆ ಹೆಣ್ಣು ಸದಾ ತಾರುಣ್ಯವತಿಯಾಗಿರಬಹುದು ಎಂದು ಸಾರಿದ. ಲಕ್ಷಾಂತರ ಹೆಂಗಸರು ನಂಬಿದರು. 1975ರಲ್ಲಿ ಮೊದಲ ಪೆಟ್ಟು ಬಿತ್ತು. ಈಸ್ಟ್ರೋಜೆನ್ ಒಂದನ್ನೇ ತೆಗೆದುಕೊಂಡವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹಲವು ಪಟ್ಟು ಹೆಚ್ಚೆಂದು ಅಧ್ಯಯನಗಳು ತೋರಿಸಿದವು. ಈಸ್ಟ್ರೋಜೆನ್ ಆ ಪದರವನ್ನು ಬೆಳೆಸುತ್ತದೆ, ಪ್ರೊಜೆಸ್ಟೆರಾನ್ ಆ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ. ಆದುದರಿಂದ ಅಂದಿನಿಂದ ಒಂದು ನಿಯಮ ಸ್ಥಿರವಾಯಿತು: ಗರ್ಭಕೋಶವಿರುವ ಹೆಂಗಸಿಗೆ ಎರಡೂ ಹಾರ್ಮೋನುಗಳು ಕೂಡಿಯೇ ಇರಬೇಕು, ಗರ್ಭಕೋಶ ತೆಗೆದವಳಿಗೆ ಸಾಮಾನ್ಯವಾಗಿ ಈಸ್ಟ್ರೋಜೆನ್ ಒಂದೇ ಸಾಕು.

ಹುಕ್ಕೇರಿಯ ಡಬ್ಬಿಯ ವಿಷಯ ಇಲ್ಲಿಯೇ ತಿಳಿಯುತ್ತದೆ. ಆ ಗುಳಿಗೆ ಗರ್ಭಕೋಶವಿಲ್ಲದ ಸೊಸೆಗೆಂದು ಬರೆದದ್ದು. ಅದರಲ್ಲಿರುವುದು ಈಸ್ಟ್ರೋಜೆನ್ ಮಾತ್ರ. ಅತ್ತೆಯವರಿಗೆ ಇಂಥ ಆಪರೇಷನ್ ಆಗಿರುವ ಮಾತು ಪತ್ರದಲ್ಲಿಲ್ಲ. ಅವರಿಗೆ ಗರ್ಭಕೋಶವಿದ್ದರೆ, ಕಡಿವಾಣವಿಲ್ಲದ ಕುದುರೆಯನ್ನೇ ಅವರು ಏರಿದಂತಾಯಿತು.

ಮುಂದಿನ ಕಥೆ ಇನ್ನೂ ಬೋಧಪ್ರದವಾದದ್ದು. 1980-90ರ ದಶಕಗಳಲ್ಲಿ ಹಾರ್ಮೋನು ತೆಗೆದುಕೊಳ್ಳುವವರಿಗೆ ಹೃದಯಾಘಾತ ಕಡಿಮೆಯೆಂದು ಅನೇಕ ಸಮೀಕ್ಷೆಗಳು ಹೇಳಿದವು. ಆದರೆ ಹಾಗೆ ತೆಗೆದುಕೊಳ್ಳುತ್ತಿದ್ದವರು ಬಹುಮಟ್ಟಿಗೆ ಓದಿದವರು, ಅನುಕೂಲಸ್ಥರು, ಆಗಾಗ ವೈದ್ಯರನ್ನು ಕಾಣುವವರು. ಅವರನ್ನು ಕಾಪಾಡಿದ್ದು ಗುಳಿಗೆಯೋ, ಅನುಕೂಲವೋ? ಇದನ್ನು ತಿಳಿಯಲು ಅಮೆರಿಕದ ಸರಕಾರ 1991ರಲ್ಲಿ ‘ಮಹಿಳಾ ಆರೋಗ್ಯ ಉಪಕ್ರಮ’ ಎಂಬ ದೊಡ್ಡ ಅಧ್ಯಯನವನ್ನು ಆರಂಭಿಸಿತು. 50ರಿಂದ 79 ವರ್ಷದವರೆಗಿನ, ಗರ್ಭಕೋಶವಿದ್ದ 16,608 ಹೆಂಗಸರನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿನವರಿಗೆ ಎರಡು ಹಾರ್ಮೋನುಗಳ ಗುಳಿಗೆಯನ್ನೂ ಇನ್ನೊಂದು ಪಾಲಿನವರಿಗೆ ಅದೇ ರೂಪದ, ಔಷಧವಿಲ್ಲದ ಗುಳಿಗೆಯನ್ನೂ ಕೊಟ್ಟರು. ಯಾರಿಗೆ ಯಾವುದು ಎಂಬುದು ಗುಟ್ಟಾಗಿತ್ತು. 2002ರ ಜುಲೈಯಲ್ಲಿ, ನಿಶ್ಚಯಿಸಿದ ಅವಧಿ ಮುಗಿಯುವ ಮೊದಲೇ, ಕೆಡುಕು ಒಳಿತಿಗಿಂತ ಮಿಗಿಲೆಂದು ಅದನ್ನು ನಿಲ್ಲಿಸಿಬಿಟ್ಟರು.

ಎಷ್ಟು ಮಿಗಿಲು? ಅಂಕಿಗಳನ್ನು ನೋಡದೆ ಹೆದರಬಾರದು, ನೋಡದೆ ಧೈರ್ಯವನ್ನೂ ತಾಳಬಾರದು. ಹತ್ತು ಸಾವಿರ ಹೆಂಗಸರೇ ಇರುವ ಒಂದು ಊರನ್ನು ಊಹಿಸಿಕೊಳ್ಳಿ. ಯಾರೂ ಹಾರ್ಮೋನು ತೆಗೆದುಕೊಳ್ಳದಿದ್ದರೆ ಅಲ್ಲಿ ಒಂದು ವರ್ಷದಲ್ಲಿ 30 ಜನಕ್ಕೆ ಸ್ತನದ ಕ್ಯಾನ್ಸರ್ ಬರುತ್ತಿತ್ತು; ಎಲ್ಲರೂ ತೆಗೆದುಕೊಂಡರೆ 38 ಜನಕ್ಕೆ. ಹೃದಯಾಘಾತ ಮೊದಲಾದ ಹೃದ್ರೋಗ 30ರ ಬದಲು 37. ಲಕ್ವಾ 21ರ ಬದಲು 29. ರಕ್ತ ಹೆಪ್ಪುಗಟ್ಟಿ ಶ್ವಾಸಕೋಶದಲ್ಲಿ ಸಿಲುಕುವುದು 8ರ ಬದಲು 16. ಒಳಿತೂ ಇತ್ತು: ತೊಡೆಯ ಸಂದಿನ ಎಲುಬು ಮುರಿಯುವುದು 15ರಿಂದ 10ಕ್ಕೆ ಇಳಿಯಿತು, ದೊಡ್ಡ ಕರುಳಿನ ಕ್ಯಾನ್ಸರ್ 16ರಿಂದ 10ಕ್ಕೆ. ಸ್ತನದ ಕ್ಯಾನ್ಸರ್ ‘ಶೇಕಡಾ 26ರಷ್ಟು ಹೆಚ್ಚು’ ಎಂದು ಪತ್ರಿಕೆಗಳು ದಪ್ಪಕ್ಷರದಲ್ಲಿ ಬರೆದವು. ‘ಹತ್ತು ಸಾವಿರಕ್ಕೆ ಎಂಟು’ ಎಂದರೂ ಅದೇ ಲೆಕ್ಕ. ಆದರೆ ಒಂದನ್ನು ಕೇಳಿದವಳು ಡಬ್ಬಿಯನ್ನು ಬಚ್ಚಲಿಗೆ ಚೆಲ್ಲುತ್ತಾಳೆ. ಇನ್ನೊಂದನ್ನು ಕೇಳಿದವಳು ಯೋಚಿಸುತ್ತಾಳೆ. ಅಂದು ಜಗತ್ತಿನ ತುಂಬ ಡಬ್ಬಿಗಳು ಬಚ್ಚಲು ಸೇರಿದವು. ಎರಡು ದಶಕಗಳ ಮೇಲೆ ಹುಕ್ಕೇರಿಯ ಓಣಿಗೆ ಬಂದು ಮುಟ್ಟಿದ ಭಯ ಅದೇ.

ಆದರೆ ಆ ಅಧ್ಯಯನದ ಹೆಂಗಸರು ಯಾರು? ಅವರ ಸರಾಸರಿ ವಯಸ್ಸು 63. ಸರಿಯಾಗಿ ನಮ್ಮ ಪತ್ರದ ಅತ್ತೆಯವರ ವಯಸ್ಸು! ಬಹುಮಂದಿಗೆ ಮುಟ್ಟು ನಿಂತು ಹತ್ತು ವರ್ಷ ಮೀರಿತ್ತು. ಅಷ್ಟು ಹೊತ್ತಿಗೆ ಅನೇಕರ ರಕ್ತನಾಳಗಳಲ್ಲಿ ಕೊಬ್ಬಿನ ಗರಣೆ ಕಟ್ಟಿರುತ್ತದೆ. ಹೆಪ್ಪು ಕಟ್ಟುವ ಗುಣವನ್ನು ಹೆಚ್ಚಿಸುವ ಗುಳಿಗೆ ಅಂಥಲ್ಲಿ ತೊಂದರೆ ತರುತ್ತದೆ. ಅದೇ ಅಧ್ಯಯನದ ಒಂದು ಶಾಖೆ 2003ರಲ್ಲಿ ಮತ್ತೊಂದು ಸಂಗತಿಯನ್ನು ಹೊರಗೆಡವಿತು. 65 ವರ್ಷ ದಾಟಿದ ಮೇಲೆ ಎರಡು ಹಾರ್ಮೋನುಗಳನ್ನು ತೆಗೆದುಕೊಂಡವರಲ್ಲಿ ಮರೆವಿನ ರೋಗ ವರ್ಷಕ್ಕೆ ಹತ್ತು ಸಾವಿರಕ್ಕೆ 22ರಿಂದ 45ಕ್ಕೆ ಏರಿತ್ತು. ಎಂದರೆ ಹೃದಯಕ್ಕೆ, ಬುದ್ಧಿಗೆ, ತಾರುಣ್ಯಕ್ಕೆ ಒಳ್ಳೆಯದೆಂದು ಅರವತ್ತರ ಮೇಲೆ ಈ ಗುಳಿಗೆಯನ್ನು ಹೊಸದಾಗಿ ಆರಂಭಿಸುವುದು ಸಲ್ಲದು.

ಋತುಬಂಧದ ಹತ್ತು ವರ್ಷಗಳೊಳಗೆ, ಅರವತ್ತು ತುಂಬುವ ಮೊದಲು ಆರಂಭಿಸಿದ ಆರೋಗ್ಯವಂತ ಹೆಂಗಸರ ಲೆಕ್ಕ ಬೇರೆ. ಅವರಲ್ಲಿ ತೀವ್ರ ಉರಿ-ಬೆವರುಗಳಿದ್ದರೆ, ಒಳಿತೇ ಕೆಡುಕಿಗಿಂತ ಹೆಚ್ಚೆಂಬುದು ಇಂದು ತಜ್ಞರ ಸಾಮಾನ್ಯ ಅಭಿಮತ. 2017ರಲ್ಲಿ ಆ ಅಧ್ಯಯನದ 18 ವರ್ಷಗಳ ಫಲಿತಾಂಶ ಪ್ರಕಟವಾಯಿತು: ಹಾರ್ಮೋನು ಪಡೆದವರಲ್ಲಿ ಸತ್ತವರ ಪ್ರಮಾಣ ಶೇಕಡಾ 27.1, ಪಡೆಯದವರಲ್ಲಿ 27.6. ಆಯುಷ್ಯವನ್ನು ಅದು ಕುಗ್ಗಿಸಲೂ ಇಲ್ಲ, ಹಿಗ್ಗಿಸಲೂ ಇಲ್ಲ. 2025ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ, ಈ ಔಷಧಗಳ ಮೇಲೆ ಚೌಕಟ್ಟು ಹಾಕಿ ಮುದ್ರಿಸುತ್ತಿದ್ದ ಹೃದ್ರೋಗ, ಸ್ತನದ ಕ್ಯಾನ್ಸರ್, ಮರೆವುಗಳ ಎಚ್ಚರಿಕೆಯನ್ನು ತೆಗೆಸುವುದಾಗಿ ಪ್ರಕಟಿಸಿತು. ಗರ್ಭಕೋಶದ ಕ್ಯಾನ್ಸರಿನ ಬಗೆಗೆ ಈಸ್ಟ್ರೋಜೆನ್ ಮಾತ್ರದ ಔಷಧದ ಮೇಲಿದ್ದ ಎಚ್ಚರಿಕೆಯನ್ನು ಮಾತ್ರ ಹಾಗೆಯೇ ಉಳಿಸಿತು.

ಹಾಗೆಂದು ದೀರ್ಘಕಾಲದ ಪರಿಣಾಮವನ್ನು ಹಗುರವಾಗಿ ಕಾಣುವಂತಿಲ್ಲ. ಜಗತ್ತಿನ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಐವತ್ತರ ಪ್ರಾಯದಲ್ಲಿ ಆರಂಭಿಸಿ ಐದು ವರ್ಷ ಎರಡೂ ಹಾರ್ಮೋನುಗಳನ್ನು ದಿನವೂ ತೆಗೆದುಕೊಂಡ ಪ್ರತಿ 50 ಹೆಂಗಸರಲ್ಲಿ ಒಬ್ಬರಿಗೆ, ಮುಂದಿನ ಇಪ್ಪತ್ತು ವರ್ಷಗಳಲ್ಲಿ, ಬರದೆ ಇರುತ್ತಿದ್ದ ಸ್ತನದ ಕ್ಯಾನ್ಸರ್ ಬರುತ್ತದೆ. ಗುಳಿಗೆ ಬಿಟ್ಟ ಮೇಲೂ ಆ ಅಪಾಯದ ಸ್ವಲ್ಪ ಅಂಶ ಹತ್ತು ವರ್ಷಕ್ಕೂ ಮಿಕ್ಕಿ ಉಳಿಯುತ್ತದೆ. ಈ ಲೆಕ್ಕ ಪಾಶ್ಚಾತ್ಯ ದೇಶಗಳದು. ಅಲ್ಲಿ ಆ ರೋಗವೇ ನಮ್ಮಲ್ಲಿಗಿಂತ ಹೆಚ್ಚು. ಈಸ್ಟ್ರೋಜೆನ್ ಒಂದನ್ನೇ ತೆಗೆದುಕೊಂಡವರ ವಿಷಯದಲ್ಲಿ ಅಧ್ಯಯನಗಳ ಮಾತು ಒಂದೇ ಆಗಿಲ್ಲ: ಮೇಲಿನ ಲೆಕ್ಕದಲ್ಲಿ ಅಪಾಯ ಅಲ್ಪವಾಗಿ ಹೆಚ್ಚು, 200 ಜನರಲ್ಲಿ ಒಬ್ಬರಿಗೆ, ಅಮೆರಿಕದ ಅಧ್ಯಯನದಲ್ಲಿ ಗರ್ಭಕೋಶ ತೆಗೆದಿದ್ದ 10,739 ಹೆಂಗಸರನ್ನು ದೀರ್ಘಕಾಲ ಗಮನಿಸಿ 2020ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಹಾರ್ಮೋನು ಪಡೆದವರಿಗೇ ಸ್ತನದ ಕ್ಯಾನ್ಸರ್ ಕಡಿಮೆ.

ಈಗ ಸೊಸೆಯ ಮಾತಿಗೆ ಬರೋಣ. ಮೇಲೆ ಹೇಳಿದ ಅಮೆರಿಕದ ಅಧ್ಯಯನದಲ್ಲಿ 50 ವರ್ಷಕ್ಕಿಂತ ಚಿಕ್ಕವರು ಒಬ್ಬರೂ ಇರಲಿಲ್ಲ. ಆದುದರಿಂದ ಅದರಿಂದ ಹುಟ್ಟಿದ ಭಯವನ್ನು 36ರ ಹೆಂಗಸು ತನ್ನ ಮೇಲೆ ಹೇರಿಕೊಳ್ಳಲು ಕಾರಣವೇ ಇಲ್ಲ. ಪ್ರಕೃತಿ 46-47ರವರೆಗೆ ಕೊಡಬೇಕೆಂದಿದ್ದ ಹಾರ್ಮೋನು ಇವರಿಗೆ 34ಕ್ಕೇ, ಒಂದೇ ದಿನದಲ್ಲಿ, ಕಡಿದುಹೋಗಿದೆ. ಸಹಜ ಋತುಬಂಧ ಮೆಟ್ಟಿಲು ಮೆಟ್ಟಿಲಾಗಿ ಇಳಿದಂತೆ. ಇದು ಮಾಳಿಗೆಯಿಂದ ಬಿದ್ದಂತೆ. ಇಂಥವರಿಗೆ ಹಾರ್ಮೋನು ಕೊಡುವುದು ಹೆಚ್ಚಿನದನ್ನು ಸೇರಿಸುವುದಲ್ಲ, ಇರಬೇಕಾದ್ದನ್ನು ಹಿಂದಿರುಗಿಸುವುದು. ಕೊಡದಿದ್ದರೆ ಏನಾಗುತ್ತದೆಂಬುದು ಚೆನ್ನಾಗಿ ತಿಳಿದಿದೆ. ಎಲುಬು ಬೇಗನೆ ಟೊಳ್ಳಾಗುತ್ತದೆ. ಹೃದ್ರೋಗ ಹತ್ತಿರ ಬರುತ್ತದೆ. ಇಳಿವಯಸ್ಸಿನಲ್ಲಿ ಮರೆವಿನ ಭಯವೂ ಹೆಚ್ಚುತ್ತದೆ. ಆದ್ದರಿಂದ ಬೇರೆ ಅಡ್ಡಿಯಿಲ್ಲದಿದ್ದರೆ ಸಹಜ ಋತುಬಂಧದ ವಯಸ್ಸಿನವರೆಗೆ, ಸುಮಾರು ಐವತ್ತರ ತನಕ, ಹಾರ್ಮೋನು ಕೊಡಬೇಕೆಂದೇ ವೈದ್ಯಶಾಸ್ತ್ರದ ಸಲಹೆ. ಇಲ್ಲಿ ಗುಳಿಗೆಯ ದೀರ್ಘ ಪರಿಣಾಮಕ್ಕಿಂತ, ಗುಳಿಗೆ ಇಲ್ಲದಿರುವುದರ ದೀರ್ಘ ಪರಿಣಾಮವೇ ದೊಡ್ಡದು.

ಇದು ಹುಕ್ಕೇರಿಯ ಒಂದು ಮನೆಯ ಮಾತಷ್ಟೇ ಅಲ್ಲ. ನಮ್ಮ ಉತ್ತರ ಕರ್ನಾಟಕದಲ್ಲಿ ‘ಗರ್ಭಚೀಲ ತೆಗೆಸುವುದು’ ಹಲ್ಲು ಕೀಳಿಸುವಷ್ಟು ಸಹಜದ ಮಾತಾಗಿಬಿಟ್ಟಿದೆ. ಬಿಳಿಸೆರಗು ಹೋಗುತ್ತದೆ, ಸೊಂಟ ನೋಯುತ್ತದೆ, ಮುಟ್ಟು ಹೆಚ್ಚು, ಮುಂದೆ ಕ್ಯಾನ್ಸರ್ ಆದೀತು. ‘ಮಕ್ಕಳಾಗ್ಯಾವ, ಇನ್ನ ಯಾಕ ಅದು?’ ಎಂಬ ಒಂದು ಮಾತಿನಲ್ಲಿ ತೀರ್ಮಾನವಾಗಿಬಿಡುತ್ತದೆ. 2015ರಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಬಡ ಹೆಂಗಸರಿಗೆ ಅನಾವಶ್ಯಕವಾಗಿ ಈ ಶಸ್ತ್ರಚಿಕಿತ್ಸೆ ಮಾಡಿದ ಪ್ರಕರಣಗಳನ್ನು ಮಹಿಳಾ ಸಂಘಟನೆಗಳೂ ಕರ್ನಾಟಕ ಜನಾರೋಗ್ಯ ಚಳವಳಿಯವರೂ ಬಯಲಿಗೆ ತಂದರು. 2019ರಲ್ಲಿ ಮಹಾರಾಷ್ಟ್ರದ ಬೀಡ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಕಥೆ ದೇಶಕ್ಕೆಲ್ಲ ತಿಳಿಯಿತು. ಕಬ್ಬಿನ ನಾಡಾದ ನಮ್ಮ ಹುಕ್ಕೇರಿ-ಸಂಕೇಶ್ವರದವರಿಗೆ ಆ ಬದುಕು ಅಪರಿಚಿತವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಮೂವರು ಗರ್ಭಕೋಶವನ್ನು ಕಳೆದುಕೊಂಡಿದ್ದಾರೆ. 2023ರ ಏಪ್ರಿಲ್ 5ರಂದು ಸರ್ವೋಚ್ಚ ನ್ಯಾಯಾಲಯ, ಅನಾವಶ್ಯಕ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ಕೇಂದ್ರ ಸರಕಾರ ರಚಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಂಗೀಕರಿಸುವಂತೆ ರಾಜ್ಯಗಳಿಗೆ ಆಜ್ಞಾಪಿಸಿತು.

ಈ ಶಸ್ತ್ರಚಿಕಿತ್ಸೆ ನಿಜವಾಗಿಯೂ ಬೇಕಾದವರುಂಟು. ಅವರಿಗೆ ಅದು ಪ್ರಾಣದಾನವೇ ಸರಿ. ನಾನು ಹೇಳುವುದಿಷ್ಟೆ: ಗರ್ಭಚೀಲ ಬೇರೆ, ಅಂಡಾಶಯ ಬೇರೆ. ಗರ್ಭಚೀಲವೊಂದನ್ನೇ ತೆಗೆದರೆ ಮುಟ್ಟು ನಿಲ್ಲುತ್ತದೆ. ಅಂಡಾಶಯಗಳು ತಮ್ಮ ಕೆಲಸವನ್ನು ಇನ್ನೂ ಹಲವು ವರ್ಷ ಮಾಡುತ್ತಿರುತ್ತವೆ. ಅವನ್ನೂ ತೆಗೆದರೆ ಅಂದೇ ಋತುಬಂಧ. ಆಪರೇಷನ್ನಿಗೆ ಮುಂಚೆ ‘ಅಂಡಾಶಯಗಳನ್ನು ಉಳಿಸಬಹುದೆ?’ ಎಂದು ಕೇಳುವುದು ನಿಮ್ಮ ಹಕ್ಕು. ಆಗಿಹೋಗಿದ್ದರೆ, ಡಿಸ್ಚಾರ್ಜ್ ಕಾಗದವನ್ನು ತೆಗೆದು, ಬಲ್ಲವರಿಂದ ಓದಿಸಿ, ಅವು ಉಳಿದಿವೆಯೆ ಇಲ್ಲವೆ ಎಂದು ತಿಳಿದುಕೊಳ್ಳಿ. ನಮ್ಮ ಪತ್ರದ ಸೋದರಿ ಆ ಕಾಗದವನ್ನು ಜೋಪಾನವಾಗಿಟ್ಟಿದ್ದಾರೆ. ಅದು ಮೆಚ್ಚತಕ್ಕ ಮಾತು. ಎಷ್ಟೋ ಮನೆಗಳಲ್ಲಿ ಆ ಕಾಗದ ಅಟ್ಟದ ಮೇಲಿನ ಚೀಲದಲ್ಲೂ ಸಿಗುವುದಿಲ್ಲ.

ಹಾರ್ಮೋನು ಒಳ್ಳೆಯದೋ ಕೆಟ್ಟದೋ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಕೇಳಬೇಕಾದವು ನಾಲ್ಕು. ವಯಸ್ಸೆಷ್ಟು, ಮುಟ್ಟು ನಿಂತು ಎಷ್ಟು ವರ್ಷವಾಯಿತು? ಗರ್ಭಕೋಶವಿದೆಯೋ ಇಲ್ಲವೋ? ಗುಳಿಗೆಯೋ, ಚರ್ಮಕ್ಕೆ ಹಚ್ಚುವ ಜೆಲ್ ಅಥವಾ ಅಂಟಿಸುವ ಪಟ್ಟಿಯೋ? ಎಷ್ಟು ವರ್ಷದವರೆಗೆ? ಮೂರನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನುಂಗಿದ ಗುಳಿಗೆ ಮೊದಲು ಯಕೃತ್ತಿಗೆ ಹೋಗಿ ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ದ್ರವ್ಯಗಳನ್ನು ಹೆಚ್ಚಿಸುತ್ತದೆ. ಚರ್ಮದ ಮೂಲಕ ಸೇರಿದ ಹಾರ್ಮೋನಿಗೆ ಆ ದೋಷ ಕಡಿಮೆ. ಸ್ತನದ ಕ್ಯಾನ್ಸರ್, ಹೃದಯಾಘಾತ, ಲಕ್ವಾ, ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಯಕೃತ್ತಿನ ರೋಗ, ಕಾರಣ ತಿಳಿಯದ ರಕ್ತಸ್ರಾವ ಇವುಗಳಲ್ಲಿ ಯಾವುದಾದರೂ ಇದ್ದವರು ಡಾಕ್ಟರರಿಗೆ ಮುಚ್ಚಿಡದೆ ಹೇಳಬೇಕು. ಅಂಥವರಿಗೆ ಹಾರ್ಮೋನಲ್ಲದ ಬೇರೆ ಔಷಧಗಳುಂಟು.

ಇನ್ನು ಅತ್ತೆಯವರಿಗೆ. ತಾಯೀ, ಹದಿನೈದು ದಿನ ನುಂಗಿದ್ದಕ್ಕೆ ಗಾಬರಿ ಬೇಡ. ಆದರೆ ಡಾಕ್ಟರರಿಗೆ ತಿಳಿಸಿರಿ. ಒಂದು ಕಾಲು ಮಾತ್ರ ಬಾತರೆ, ಎದೆ ನೋವು ಅಥವಾ ಏದುಸಿರು ಬಂದರೆ, ಮುಖ ಸೊಟ್ಟಗಾದರೆ, ಮಾತು ತೊದಲಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮುಟ್ಟು ನಿಂತ ಎಷ್ಟೋ ವರ್ಷದ ಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಬೇಕು. ಮೊಣಕಾಲಿನ ನೋವಿಗೆ ಈ ಗುಳಿಗೆ ಮದ್ದಲ್ಲ. ಎಲುಬಿನ ಚಿಂತೆಯಿದ್ದರೆ ಅದರ ಸಾಂದ್ರತೆಯನ್ನು ಅಳೆಯುವ ಪರೀಕ್ಷೆಯುಂಟು, ಬೇರೆ ಔಷಧಗಳುಂಟು. ರಕ್ತದ ಒತ್ತಡದ ಗುಳಿಗೆಯನ್ನು ತಪ್ಪಿಸಬೇಡಿರಿ. ರೊಟ್ಟಿಯ ಸಂಗಡ ಎಳ್ಳಿನ ಹಿಂಡಿ, ಮೊಸರು, ಸೊಪ್ಪು ದಿನವೂ ಇರಲಿ. ಎಳೆಬಿಸಿಲಿನಲ್ಲಿ ಊರ ಹಳೆಯ ಗುಮ್ಮಟಗಳ ತನಕ ಮೆಲ್ಲಗೆ ನಡೆದು ಬನ್ನಿರಿ. ರೊಕ್ಕ ಕೊಟ್ಟು ತಂದ ಗುಳಿಗೆ ಕೆಟ್ಟರೆ ಕೆಲವು ರೂಪಾಯಿ ಹೋಗುತ್ತದೆ. ನುಂಗಿದರೆ ಹೋಗುವುದು ಅದಕ್ಕಿಂತ ದೊಡ್ಡದು.

ಕಡೆಯದಾಗಿ ಸೋದರಿಯ ಕೊನೆಯ ಪ್ರಶ್ನೆ. 36ಕ್ಕೇ ಮುದುಕಿಯಾದೆನೆ ಎಂದು ಕೇಳಿದ್ದೀರಿ. ಇಲ್ಲಮ್ಮ. ನಿಮ್ಮ ಶರೀರದಿಂದ ಒಂದು ವಸ್ತು ಕಾಲಕ್ಕೆ ಮುಂಚೆ ಹೊರಟುಹೋಗಿದೆ. ಅದನ್ನು ಬಹುಮಟ್ಟಿಗೆ ತುಂಬಿಕೊಡುವ ಉಪಾಯವಿದೆ. ಅದರಲ್ಲಿ ನಾಚಿಕೆಯೂ ಇಲ್ಲ, ಪಾಪವೂ ಇಲ್ಲ. ಮತ್ತೆ ಆರಂಭಿಸುವ ಮುನ್ನ ಸ್ತನಗಳ ಪರೀಕ್ಷೆ, ರಕ್ತದ ಒತ್ತಡದ ಪರೀಕ್ಷೆ ಮಾಡಿಸಿಕೊಳ್ಳಿ. ವರ್ಷಕ್ಕೊಮ್ಮೆ ಹೋಗಿ ‘ಇನ್ನೂ ಬೇಕೆ, ಎಷ್ಟು ಬೇಕು?’ ಎಂದು ಕೇಳಿರಿ. ಊರಲ್ಲಿ ಅನುಕೂಲವಿಲ್ಲದಿದ್ದರೆ ಬೆಳಗಾವಿ ದೂರವಲ್ಲ. ಅಲ್ಲಿ 1963ರಿಂದ ವೈದ್ಯಕೀಯ ಕಾಲೇಜೇ ಇದೆ. ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿರಿ. ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗಿ, ಬೇರೆ ಬೇರೆ ಚೀಟಿ ಬರೆಯಿಸಿಕೊಂಡು ಬನ್ನಿರಿ.